ಕೋಲು ಯಾರ ಕೈಯಲ್ಲಿ?

ತೊಗಲುಗೊಂಬೆ ಆಟದಲ್ಲಿ ರಾಮಾಯಣ ಜೋರಾಗಿ ನಡೆದಿರುವಾಗಲೇ ನಗಿಸುವ ಗೊಂಬೆ ಕಿಳ್ಳೇಕ್ಯಾತ ನುಗ್ಗುತ್ತಾನೆ, ಜೊತೆಗೆ ಬಂಗಾರಕ್ಕ. ಇಬ್ಬರದೂ ಊರ ಮಾತು, ಒಂಚೂರು ಪೋಲಿ. ಊರಲ್ಲಿ ಯಾರೂ ಎದುರಿಗೆ ಹೇಳದ್ದನ್ನು ಗೊಂಬೆ ಹೇಳಿಬಿಡುತ್ತದೆ. ಗೊಂಬೆಯ ಮೇಲೆ ಸಿಟ್ಟಾಗೋಕಾಗುತ್ತಾ? ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಕಲೆಗೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಇದೇ ಪರದೆಗೆ ಸ್ವಾತಂತ್ರ್ಯ ಹೋರಾಟವನ್ನೂ ತಂದರು.

1975ರಲ್ಲಿ ಹುಟ್ಟಿದ 'ಸಮುದಾಯ' ಅನ್ನೋ ರಂಗತಂಡ ನಾಟಕವನ್ನು ಬೀದಿಗಿಳಿಸಿತು. ಸಾಕ್ಷರತೆಗಾಗಿ ನಡೆದ 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಹಾಡು, ನಾಟಕ ಹೊತ್ತು ದೇಶ ಸುತ್ತಿತು. ಆದರೂ ಆಡುವವರು ಬೇರೆ, ನೋಡುವವರು ಬೇರೆ.

ನೋಡುವವರ ಕೈಗೇ ಆಟ ಬಂದದ್ದು ಪಿಆರ್‌ಎ ಪದ್ಧತಿಯಿಂದ, ಅಂದರೆ ಊರವರೇ ಸೇರಿ ತಮ್ಮ ಊರಿನ ಸ್ಥಿತಿಗತಿ ಅಳೆಯುವ ಪದ್ಧತಿಯಿಂದ. 1980ರ ದಶಕದ ಕೊನೆಗೆ ಮೈರಾಡದಂಥ ಸ್ವಯಂಸೇವಾ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಬೆಳೆಸಿದವು. ಕೆಲಸ ಸರಳ. ಊರ ನಕ್ಷೆಯನ್ನು ಕಾಗದದ ಬದಲು ನೆಲದ ಮೇಲೆ ಬಿಡಿಸುವುದು. ದಾರಿಗೆ ರಂಗೋಲಿ ಪುಡಿ, ಮನೆಗೆ ಕಲ್ಲು, ಜನಕ್ಕೆ ಹುಣಸೆ ಬೀಜ. ಕಾಗದ, ಪೆನ್ನು ಇದ್ದರೆ ಓದಿದವರು ಮುಂದೆ ಬರುತ್ತಾರೆ, ಉಳಿದವರು ಹಿಂದೆ ಸರಿಯುತ್ತಾರೆ. ರಂಗೋಲಿ ಹಿಡಿಯುವುದಾದರೆ ಹೆಂಗಸರ ಕೈ ಮೇಲು. "ಏ, ಬೋರು ಅಲ್ಲಿಲ್ಲ, ಈ ಕಡಿ ಐತಿ" ಅಂತ ಯಾರೋ ಕಾಲಲ್ಲಿ ಅಳಿಸಿ ಮತ್ತೆ ಗೆರೆ ಎಳೆಯಬಹುದು. ನಗು, ಜಗಳದ ನಡುವೆಯೇ ಯಾವ ಕೇರಿಗೆ ನಲ್ಲಿ ಇಲ್ಲ ಅನ್ನೋದು ಎಲ್ಲರೆದುರು ಬಿದ್ದಿರುತ್ತದೆ. ಗೆರೆ ಎಳೆಯೋಕೆ ಅಂತ ಸಾಹೇಬರ ಕೈಯಲ್ಲಿದ್ದ ಕೋಲು ಅಷ್ಟರಲ್ಲಿ ಬೇರೆಯವರ ಕೈ ಸೇರಿರುತ್ತದೆ.

ದೂರದ ಸ್ವೀಡನ್, ಡೆನ್ಮಾರ್ಕ್‌ಗಳಲ್ಲೂ 1981ರಲ್ಲಿ ಶುರುವಾದ ಯುಟೋಪಿಯಾ ಯೋಜನೆಯಲ್ಲಿ ಹೆಚ್ಚುಕಡಿಮೆ ಇದೇ ನಡೆಯಿತು. ಮುದ್ರಣ ಕಾರ್ಮಿಕರ ಮುಂದೆ ಒಂದು ರಟ್ಟಿನ ಡಬ್ಬ, ಮೇಲೆ 'ಲೇಸರ್ ಪ್ರಿಂಟರ್' ಅಂತ ಬರಹ. ಅದನ್ನೇ ನಿಜವಾದ ಯಂತ್ರ ಅಂದುಕೊಂಡು ಅವರು ಕೆಲಸ ಮಾಡಿ ನೋಡಿದರು. ಮುಂದೆ ಬರುವ ಯಂತ್ರ ಹೇಗಿರಬೇಕು ಅನ್ನೋದರಲ್ಲಿ ಅವರ ಮಾತೂ ಸೇರಿತು.

2015ರ ನಂತರ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗೂ ಇಂಥ ನಕ್ಷೆ ಬೇಕು ಅಂತಾಯಿತು. ಆಟ ಸೊರಗುವುದು ಇಲ್ಲೇ. ಏನು ಕಟ್ಟಬೇಕು ಅನ್ನೋದು ಮೊದಲೇ ತೀರ್ಮಾನ ಆಗಿದ್ದರೆ ಅದು ಆಟ ಅಲ್ಲ, ಫೋಟೊಕ್ಕೆ ಕೂರಿಸುವುದು ಅಷ್ಟೇ. ಘೋಷಣೆ ಬಾಯಿಪಾಠ ಮಾಡಿ ಒಪ್ಪಿಸುವ ಜಾಗೃತಿ ಬೀದಿನಾಟಕಗಳ ಪಾಡೂ ಅದೇ. ನೆಲದ ನಕ್ಷೆ ಸಂಜೆಗೆ ಅಳಿಸಿಹೋಗುತ್ತದೆ, ಕಾಗದಕ್ಕಿಳಿಸಿದ್ದು ತಾಲ್ಲೂಕು ಕಚೇರಿ ಸೇರುತ್ತದೆ. ಒಂದು ಪ್ರತಿಯನ್ನಾದರೂ ಪಂಚಾಯಿತಿ ಗೋಡೆಗೆ ಅಂಟಿಸಿದರೆ, ಮುಂದಿನ ಗ್ರಾಮಸಭೆಯಲ್ಲಿ "ನಮ್ಮ ಕೇರಿ ನಲ್ಲಿ ಎಲ್ಲಿ?" ಅಂತ ಬೆರಳಿಟ್ಟು ಕೇಳೋಕಾಗುತ್ತದೆ.