ಒಂದೂಕಾಲು ಕೆಜಿ ಬೀನ್ಸ್‌ಗೆ 578 ರೂಪಾಯಿ

ಭಾನುವಾರ ಸಂಜೆ ಏಳು ಗಂಟೆಗೆ ನನಗೆ ಫೋನ್ ಬಂತು ಅಂದರೆ ಎಲ್ಲೋ ಒಂದು ಅಂಗಡಿಯ ಕೌಂಟರ್ ಮುಂದೆ ಜನ ಸಾಲುಗಟ್ಟಿ ಕಾಯುತ್ತಿದ್ದಾರೆ ಅಂತಲೇ ಲೆಕ್ಕ. ಅವತ್ತು ಮಾಡಿದ್ದು ದಾವಣಗೆರೆಯ ಒಬ್ಬ ದಿನಸಿ ಅಂಗಡಿ ಮಾಲೀಕರು. "ಸಾರ್, ಒಂದೂಕಾಲು ಕೆಜಿ ಬೀನ್ಸ್‌ಗೆ 578 ರೂಪಾಯಿ ಬಿಲ್ ಬಂದೈತ್ರಿ." ಹಿಂದಿನಿಂದ ಒಬ್ಬ ಹೆಂಗಸಿನ ದನಿ: "ಎಂಟೂವರೆ ಕೆಜಿ ಬೀನ್ಸ್ ತಗಳಾಕೆ ನಮ್ಮನ್ಯಾಗೇನು ಮದುವಿ ಐತೇನ್ರಿ?"

ಆ ಅಂಗಡಿಗೆ ಎರಡನೇ ತೂಕದ ಮಷೀನು ಜೋಡಿಸಿದ್ದು ನಾನೇ. ಹಿಂದಿನ ದಿನವೇ. ತೂಗಿ, ಲೇಬಲ್ ತೆಗೆದು, ಸ್ಕ್ಯಾನ್ ಮಾಡಿ, ಎಲ್ಲ ಸರಿ ಇದೆ ಅಂತ ಕಾಫಿ ಕುಡಿದು ಬಂದಿದ್ದೆ.

ಏನಾಗಿತ್ತು ಅಂತ ಹೇಳೋಕೆ ಮೊದಲು ಆ ಲೇಬಲ್ ಒಳಗೆ ಏನಿರುತ್ತದೆ ಅಂತ ನೋಡಬೇಕು. ಬಿಸ್ಕತ್ ಪೊಟ್ಟಣದ ಮೇಲಿನ ಬಾರ್‌ಕೋಡ್ ಸಾಮಾನ್ಯವಾಗಿ 890 ಅಂತ ಶುರುವಾಗುತ್ತದೆ, ಅಲ್ವಾ? ಅದು ಬಾರ್‌ಕೋಡ್ ನಂಬರು ಹಂಚುವ ಜಿಎಸ್1 ಇಂಡಿಯಾ ಅನ್ನೋ ಸಂಸ್ಥೆ ಕಂಪನಿಗಳಿಗೆ ಕೊಡುವ ನಂಬರು. ಒಂದೇ ಬಿಸ್ಕತ್ತಿನ ಒಂದೇ ಅಳತೆಯ ಪೊಟ್ಟಣಗಳಿಗೆಲ್ಲ ಒಂದೇ ಕೋಡು. 1974ರ ಜೂನ್ 26ರಂದು ಅಮೆರಿಕದ ಓಹಾಯೋದ ಟ್ರಾಯ್ ಊರಿನಲ್ಲಿ ಮೊದಲ ಸಲ ಕೌಂಟರ್ ಮೇಲೆ ಸ್ಕ್ಯಾನ್ ಆಗಿದ್ದೂ ಇಂಥದ್ದೇ ಪೊಟ್ಟಣ, ಚೂಯಿಂಗ್ ಗಮ್ಮಿನದು. ಬೀನ್ಸ್ ಹಾಗಲ್ಲ. ಒಬ್ಬರಿಗೆ ಕಾಲು ಕೆಜಿ, ಇನ್ನೊಬ್ಬರಿಗೆ ಒಂದೂಕಾಲು. ಅದಕ್ಕೇ 2ರಿಂದ ಶುರುವಾಗುವ ಕೋಡುಗಳನ್ನು ಅಂಗಡಿಗಳ ಸ್ವಂತ ಬಳಕೆಗೆ ಬಿಟ್ಟಿದ್ದಾರೆ. ಪಕ್ಕದ ಅಂಗಡಿಯಲ್ಲಿ ಅದಕ್ಕೆ ಅರ್ಥವಿಲ್ಲ.

ಆ ಅಂಗಡಿಯ ಹಳೇ ಮಷೀನಿನಲ್ಲಿ ಒಂದೂಕಾಲು ಕೆಜಿ ಬೀನ್ಸ್ ತೂಗಿದರೆ 2100042012509 ಅಂತ ಬರುತ್ತಿತ್ತು. ಮೊದಲಿನ 21 ಅಂದರೆ 'ಇದು ತೂಗಿದ ಮಾಲು'. ಆಮೇಲಿನ 00042 ಬೀನ್ಸಿನ ನಂಬರು. 01250 ಅಂದರೆ 1.250 ಕೆಜಿ. ಕೊನೆಯ 9 ಕಾವಲುಗಾರ: ಉಳಿದ ಹನ್ನೆರಡು ಅಂಕಿಗಳಿಂದ ಲೆಕ್ಕ ಹಾಕಿ ತೆಗೆದದ್ದು. ಒಂದು ಅಂಕಿ ತಪ್ಪಾಗಿ ಓದಿದರೂ ಲೆಕ್ಕ ತಾಳೆಯಾಗಲ್ಲ, ಸ್ಕ್ಯಾನರ್ ಆ ಕೋಡನ್ನು ತಗೊಳ್ಳೋದೇ ಇಲ್ಲ.

ಹೊಸ ಮಷೀನು ಬಂದಿದ್ದು ಬೇರೆ ಸೆಟ್ಟಿಂಗ್‌ನಲ್ಲಿ. ಅದು ಕಾವಲುಗಾರನಿಗೆ ಮುಂಚಿನ ಐದು ಅಂಕಿಗಳಲ್ಲಿ ತೂಕದ ಬದಲು ಹಣ ಅಚ್ಚು ಹಾಕುತ್ತಿತ್ತು. ಬೀನ್ಸ್ ಕೆಜಿಗೆ 68, ಒಂದೂಕಾಲು ಕೆಜಿಗೆ 85 ರೂಪಾಯಿ. ಹಾಗಾಗಿ ಪೈಸೆ ಸೇರಿ 08500. ಬಿಲ್ಲಿಂಗ್ ಸಾಫ್ಟ್‌ವೇರ್ ಅದನ್ನು 8.500 ಕೆಜಿ ಅಂತ ಓದಿ 68ರಿಂದ ಗುಣಿಸಿತು. 578. ಕಾವಲುಗಾರ ಅಂಕಿ ಬಾಯಿ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ. ಗೆರೆಗಳನ್ನು ಸರಿಯಾಗಿ ಓದಿದೆಯಾ ಅನ್ನೋದಷ್ಟೇ ಅದರ ಕೆಲಸ. ಓದಿದ್ದು ಕೆಜಿಯೋ ರೂಪಾಯಿಯೋ ಅಂತ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ತೂಕ ಹಾಕಬೇಕಾ, ಹಣ ಹಾಕಬೇಕಾ? ಮಷೀನು ತಗೊಳ್ಳೋ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಹೆಚ್ಚಿನವರು ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಕೇಳುತ್ತಾರೆ. ಅಸಲಿಗೆ ಇಲ್ಲಿ ತೀರ್ಮಾನ ಆಗಬೇಕಾದದ್ದು ಬೆಲೆಯ ಯಜಮಾನ ಯಾರು ಅನ್ನೋದು: ತರಕಾರಿ ಪಕ್ಕದ ತಕ್ಕಡಿಯೋ, ಗಲ್ಲಾದ ಕಂಪ್ಯೂಟರೋ? ಹಣ ಹಾಕಿದರೆ ತಕ್ಕಡಿ ಯಜಮಾನ. ಲೇಬಲ್‌ನಲ್ಲಿ ಇದ್ದದ್ದೇ ಬಿಲ್ಲಿಗೆ ಬರುತ್ತದೆ, ಜಗಳ ಕಡಿಮೆ. ಆದರೆ ಪೈಸೆ ಸೇರಿ ಐದೇ ಅಂಕಿ. 999.99 ದಾಟುವ ಹಾಗಿಲ್ಲ. ಒಂದೂವರೆ ಕೆಜಿ ಗೋಡಂಬಿ ಇಟ್ಟು ನೋಡಿ, ಅಲ್ಲೇ ಮುಗೀತು. ತೂಕ ಹಾಕಿದರೆ 99.999 ಕೆಜಿವರೆಗೂ ಜಾಗ ಇದೆ, ಬೆಲೆ ಕಂಪ್ಯೂಟರ್ ಕೈಯಲ್ಲಿ. ಆಗ ಬೇರೆ ಪಜೀತಿ. ಸಂಜೆ ನಾಲ್ಕಕ್ಕೆ ಟೊಮೆಟೊ ರೇಟು ಏರಿಸಿದರು ಅಂತಿಟ್ಟುಕೊಳ್ಳಿ. ಮೂರೂವರೆಗೆ ತೂಗಿಸಿದವರ ಕವರ್ ಮೇಲೆ ಒಂದು ಮೊತ್ತ, ಬಿಲ್ಲಿನಲ್ಲಿ ಇನ್ನೊಂದು. ನಾನು ಸಾಮಾನ್ಯವಾಗಿ ತೂಕದ ಪರ. ಆದರೆ ಬೆಲೆ ಬದಲಿಸಿದರೆ ತಕ್ಕಡಿಗೂ ಕಂಪ್ಯೂಟರಿಗೂ ಒಂದೇ ಕಡೆಯಿಂದ, ಒಂದೇ ಸಲಕ್ಕೆ ಹೋಗಬೇಕು. ಎರಡೂ ಕಡೆ ಕೈಯಲ್ಲಿ ಟೈಪ್ ಮಾಡ್ತೀವಿ ಅನ್ನೋರಿಗೆ, ಬೆಲೆ ಏರಿಸೋದೇ ಇದ್ದರೆ ಅಂಗಡಿ ಮುಚ್ಚಿದ ಮೇಲೆ ಏರಿಸಿ ಅಂತೀನಿ.

ಗೋದಾಮಿನ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಶಿವಮೊಗ್ಗ ಕಡೆಯ ಒಂದು ಅಡಿಕೆ ಗೋದಾಮಿನಲ್ಲಿ ಚೀಲದ ಬಾರ್‌ಕೋಡಿನೊಳಗೇ ತೂಕ ಹಾಕಿಕೊಡಿ ಅಂದರು. ಬೇಡ ಅಂದೆ. ಅಡಿಕೆ ಇಟ್ಟಲ್ಲೇ ಒಣಗುತ್ತದೆ, ಇವತ್ತಿನ ತೂಕ ಮುಂದಿನ ತಿಂಗಳು ಇರಲ್ಲ. ಅಲ್ಲಿ ಬಾರ್‌ಕೋಡ್ ಚೀಲದ ಹೆಸರಷ್ಟೇ ಹೇಳಬೇಕು: ನಾನು ಇಂಥ ಲಾಟಿನ ಇಷ್ಟನೇ ಚೀಲ. ತೂಕ ಕಂಪ್ಯೂಟರಿನಲ್ಲಿ, ತೂಗಿದ ದಿನಾಂಕದ ಜೊತೆ ಇರಲಿ. ಎಷ್ಟು ಸಲ ತೂಗಿದರೂ ಒಂದೊಂದು ಸಾಲು ಸೇರುತ್ತಾ ಹೋಗುತ್ತದೆ.

ತಕ್ಕಡಿಯಿಂದ ಕಂಪ್ಯೂಟರಿಗೆ ಹೋಗೋದು ಬಹಳ ಕಡೆ ಈಗಲೂ ಆರ್‌ಎಸ್-232 ಅನ್ನೋ ಹಳೇ ಕಾಲದ ಕೇಬಲ್. ಎರಡೂ ಕಡೆ ವೇಗ, ಸೆಟ್ಟಿಂಗು ಹೊಂದಿದರೆ ಸಾಕು, ಅಂಕಿ ಬರುತ್ತದೆ. ಕಷ್ಟ ಇರೋದು ಯಾವ ಅಂಕಿಯನ್ನು ನಂಬಬೇಕು ಅನ್ನೋದರಲ್ಲಿ. ಹಮಾಲರು ಚೀಲವನ್ನು ಮೆತ್ತಗೆ ಇಡಲ್ಲ, ಒಗೀತಾರೆ. ಪರದೆ ಮೇಲೆ 71.4, 66.1, 68.9 ಅಂತ ಕುಣಿದು ಆಮೇಲೆ 68.2ಕ್ಕೆ ನಿಲ್ಲುತ್ತದೆ. ಬಹಳಷ್ಟು ಮಷೀನುಗಳು ತೂಕದ ಜೊತೆಗೇ 'ನಿಂತಿದೆ', 'ಅಲುಗಾಡ್ತಿದೆ' ಅನ್ನೋ ಗುರುತನ್ನೂ ಕಳಿಸುತ್ತವೆ. ಸಾಫ್ಟ್‌ವೇರ್ ಬರೆಯುವ ಹುಡುಗರು ಅದನ್ನು ಬಿಟ್ಟು ಬರೀ ಅಂಕಿ ಎತ್ತಿಕೊಳ್ಳುತ್ತಾರೆ. ಇನ್ನೊಂದು, ಒಂದು ಚೀಲ ಬರೆದುಕೊಂಡ ಮೇಲೆ ತಕ್ಕಡಿ ಸೊನ್ನೆಗೆ ಇಳಿಯುವ ತನಕ ಮುಂದಿನದನ್ನು ಬರೆಯಬಾರದು. ಆ ಗೋದಾಮಿನಲ್ಲಿ ಮೊದಲ ದಿನ ಹಮಾಲರ ಲೆಕ್ಕ 112 ಚೀಲ, ನನ್ನ ಕಂಪ್ಯೂಟರಿನ ಲೆಕ್ಕ 115. ಹಮಾಲರೇ ಸರಿ. ಮೂರು ಚೀಲ ಎರಡೆರಡು ಸಲ ಏರಿದ್ದವು.

ಇನ್ನು ಕೆಲವರು ದನಿ ತಗ್ಗಿಸಿ ಕೇಳುತ್ತಾರೆ: "ಚೀಲಕ್ಕೆ ಇನ್ನೂರು ಗ್ರಾಂ ಸಾಫ್ಟ್‌ವೇರಲ್ಲೇ ಕಳೆಯೋ ಹಾಗೆ ಮಾಡೋಕೆ ಬರುತ್ತಾ?" ಬರುತ್ತೆ. ಮಾಡಲ್ಲ. ಗೋಣಿಚೀಲದ ತೂಕ ಕಳೆಯೋದು ತಪ್ಪಲ್ಲ. ಆದರೆ ಒಟ್ಟು ತೂಕ, ಚೀಲದ ತೂಕ, ಮಾಲಿನ ತೂಕ ಮೂರೂ ಚೀಟಿಯಲ್ಲಿ ಕಾಣಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿಯ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ತಕ್ಕಡಿಗೆ ಹನ್ನೆರಡು ತಿಂಗಳಿಗೊಮ್ಮೆ ತಪಾಸಣೆಯ ಮುದ್ರೆ ಬೀಳಬೇಕು. ಮುದ್ರೆ ಹಾಕಿಸಿದ ಮಷೀನಿನ ಅಂಕಿಯನ್ನು ಕೇಬಲ್ಲಿನ ಈಚೆ ಕದ್ದುಮುಚ್ಚಿ ತಿದ್ದಿದರೆ ಆ ಮುದ್ರೆ ಯಾಕೆ ಬೇಕು?

ಲೇಬಲ್ ಬಗ್ಗೆ ಒಂದೇ ಮಾತು. ಶಾಯಿಯ ರಿಬ್ಬನ್ ಇಲ್ಲದೆ ಬಿಸಿಯಿಂದಲೇ ಅಚ್ಚಾಗುವ ಥರ್ಮಲ್ ಕಾಗದ ಬಿಸಿಲಿಗೆ, ಬಿಸಿಗೆ ಮಾಸುತ್ತದೆ. ಅವತ್ತೇ ಮನೆಗೆ ಹೋಗುವ ಬೀನ್ಸ್‌ಗೆ ಸಾಕು. ತಿಂಗಳುಗಟ್ಟಲೆ ಗೋದಾಮಿನಲ್ಲಿ ಕೂರುವ ಚೀಲಕ್ಕೆ ರಿಬ್ಬನ್ ಪ್ರಿಂಟರೇ ಬೇಕು.

ಈಗ ಆ ಭಾನುವಾರಕ್ಕೆ. ಸೆಟ್ಟಿಂಗ್ ಬದಲಿಸೋಕೆ ಎರಡು ನಿಮಿಷ ಸಾಕಾಯಿತು, ಆಯಮ್ಮನಿಗೆ ಬಿಲ್ ತಿದ್ದಿ ಕೊಟ್ಟರು. ಹಿಂದಿನ ದಿನ ನನಗೆ ಯಾಕೆ ಗೊತ್ತಾಗಲಿಲ್ಲ ಅನ್ನೋದೇ ತಲೆ ಕೊರೆಯುತ್ತಿತ್ತು. ಮನೆಗೆ ಬಂದು ಬ್ಯಾಗಿನಿಂದ ಪರೀಕ್ಷೆಯ ಲೇಬಲ್ ತೆಗೆದು ನೋಡಿದೆ. ಒಂದು ಕೆಜಿ ತೂಕದ ಕಲ್ಲು ಇಟ್ಟಿದ್ದೆ. ಸುಮ್ನೆ ಲೆಕ್ಕಕ್ಕೆ ಸುಲಭ ಅಂತ ಕೆಜಿಗೆ ಹತ್ತು ರೂಪಾಯಿ ಹಾಕಿದ್ದೆ. ಒಂದು ಕೆಜಿ ಅಂದರೆ 01000. ಹತ್ತು ರೂಪಾಯಿ ಅಂದರೂ 01000. ಸಾಫ್ಟ್‌ವೇರ್ ಹೇಗೆ ಓದಿದರೂ ಬಿಲ್ಲು ಹತ್ತೇ ರೂಪಾಯಿ.

ಈಗ ಪರೀಕ್ಷೆಗೆ ಆ ಕಲ್ಲು ಇಡೋದು ಬಿಟ್ಟಿದ್ದೀನಿ. ಅಂಗಡಿಯಲ್ಲೇ ಒಂದು ಕುಂಬಳಕಾಯಿ ತುಂಡು ಕೇಳಿ ಇಸಕೊಳ್ತೀನಿ. 735 ಗ್ರಾಂ, ಕೆಜಿಗೆ 84 ರೂಪಾಯಿ, ಇಂಥ ಸೊಟ್ಟ ಲೆಕ್ಕವೇ ಆಗಬೇಕು. ಬಿಲ್ಲಿನಲ್ಲಿ 61 ರೂಪಾಯಿ 74 ಪೈಸೆ ಬಂದ ಮೇಲೆಯೇ ಕಾಫಿ.