ಬ್ರೂಕ್ಲಿನ್ ಸೇತುವೆ: ಟವರ್ ತಲೆಯಲ್ಲಿ ಪುಲ್ಲಿಯೋ, ರೋಲರ್ ಸ್ಯಾಡಲ್ಲೋ?

ಬಳ್ಳಾರಿಯಲ್ಲಿ ಸಿವಿಲ್ ಓದುತ್ತಿರುವ ಗೆಳೆಯರಿಗೆ ಈ ಟಿಪ್ಪಣಿ. ಕೇಬಲ್ ಟವರಿನ ತಲೆ ದಾಟುವಲ್ಲಿ ಪುಲ್ಲಿಯ (ರಾಟೆಯ) ಮೇಲೆ ಹಾಯುತ್ತದೋ, ರೋಲರ್ ಸ್ಯಾಡಲ್‌ನಲ್ಲಿ (ಉರುಳೆಗಳ ಮೇಲೆ ಜರುಗುವ ಆಸರೆಯಲ್ಲಿ) ಕೂರುತ್ತದೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ.

ನ್ಯೂಯಾರ್ಕಿನ ಈಸ್ಟ್ ನದಿಯ ಮೇಲಿನ ಈ ತೂಗುಸೇತುವೆ 1883ರಲ್ಲಿ ತೆರೆಯಿತು. ನಡು ಸ್ಪಾನ್ (ಎರಡು ಟವರ್ ನಡುವಿನ ದೂರ) ಸುಮಾರು 486 ಮೀಟರ್, ಮುಖ್ಯ ಕೇಬಲ್ ನಾಲ್ಕು, ಟವರ್ ಎರಡೂ ಕಲ್ಲಿನವು. ಕಲ್ಲು ಎಂಬುದನ್ನು ಅಡಿಗೆರೆ ಹಾಕಿಕೊಳ್ಳಿ.

ಅಭ್ಯಾಸಕ್ಕೆ: ಒಂದು ಕೇಬಲ್ ಮೇಲೆ ಮೀಟರಿಗೆ 10 ಕಿಲೋನ್ಯೂಟನ್ ಭಾರ, ಜೋಲು (ಕೇಬಲ್ ನಡುವೆ ಜೋತುಬಿದ್ದ ಆಳ) 40 ಮೀಟರ್ ಎಂದುಕೊಳ್ಳೋಣ. ನಿಜವಾದ ಸೇತುವೆಯಲ್ಲಿ ಟವರಿನಿಂದ ಇಳಿಯುವ ಓರೆ ಕೇಬಲ್‌ಗಳೂ ಭಾರ ಹೊರುತ್ತವೆ; ಇಲ್ಲಿ ಅವನ್ನು ಬಿಟ್ಟಿದೆ.

ಅಡ್ಡ ಎಳೆತ = ಭಾರ × ಸ್ಪಾನಿನ ವರ್ಗ ÷ (8 × ಜೋಲು) = 7,381 ಕಿಲೋನ್ಯೂಟನ್.
ಲಂಬ ಬಲ = 10 × 486 ÷ 2 = 2,430.
ಟವರ್ ಬಳಿ ಟೆನ್ಷನ್ (ಕೇಬಲ್ ಉದ್ದಕ್ಕಿರುವ ಎಳೆತ) = ಎರಡರ ವರ್ಗಗಳ ಮೊತ್ತದ ವರ್ಗಮೂಲ = 7,771.

ಜೋಲನ್ನು ಟವರ್ ತಲೆಯ ಮಟ್ಟದಿಂದ ಕೇಬಲ್‌ನ ತಳಬಿಂದುವಿಗೆ ಅಳೆಯಬೇಕು, ರಸ್ತೆಗಲ್ಲ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಟವರ್ ದಾಟಿ ದಡದ ನೆಲೆಗೆ ಇಳಿಯುವ ಆಂಕರ್ ಕೇಬಲ್ ಅಡ್ಡಗೆರೆಗೆ 30 ಡಿಗ್ರಿ ಇದೆ, ಅದರ ಮೇಲೆ ಬೇರೆ ಭಾರವಿಲ್ಲ ಎಂದುಕೊಳ್ಳಿ.

ಪುಲ್ಲಿಯಾದರೆ ಕೇಬಲ್ ಅದರ ಮೇಲೆ ಸಲೀಸಾಗಿ ಜಾರುತ್ತದೆ. ಹಾಗಾಗಿ ಎರಡೂ ಕಡೆ ಟೆನ್ಷನ್ ಒಂದೇ, 7,771. ಆಂಕರ್ ಕಡೆಯ ಅಡ್ಡ ಎಳೆತ 7,771 × ಕಾಸ್ 30 = 6,730. ನದಿ ಕಡೆ 7,381 ಇದೆಯಲ್ಲ, ಉಳಿದ 651 ಟವರಿನ ತಲೆಯನ್ನು ನದಿಯತ್ತ ಎಳೆಯುತ್ತದೆ. ಟವರ್ 80 ಮೀಟರ್ ಎತ್ತರವಿದ್ದರೆ ಬುಡದಲ್ಲಿ 52,080 ಕಿಲೋನ್ಯೂಟನ್-ಮೀಟರ್ ಬಾಗು ಮೊಮೆಂಟ್ (ಬಲ × ಎತ್ತರ), ಅದೂ ಒಂದೇ ಕೇಬಲ್‌ನಿಂದ!

ರೋಲರ್ ಸ್ಯಾಡಲ್ ಆದರೆ ಕೇಬಲ್ ಸ್ಯಾಡಲ್‌ಗೆ ಕಚ್ಚಿಕೊಂಡಿರುತ್ತದೆ, ಜರುಗುವುದು ಸ್ಯಾಡಲ್. ಎರಡು ಕಡೆಯ ಅಡ್ಡ ಎಳೆತ ಸಮವಾಗುವ ತನಕ ಅದು ಜರುಗುತ್ತದೆ. ಆದ್ದರಿಂದ ಆಂಕರ್ ಕಡೆಯೂ 7,381; ಅಲ್ಲಿನ ಟೆನ್ಷನ್ 7,381 ÷ ಕಾಸ್ 30 = 8,523. ಟವರ್ ಮೇಲೆ ಉಳಿಯುವುದು ನೇರ ಭಾರ ಮಾತ್ರ: 2,430 + 7,381 × ಟ್ಯಾನ್ 30 = 6,691.

ಬ್ರೂಕ್ಲಿನ್‌ನಲ್ಲಿ ಸ್ಯಾಡಲ್‌ಗಳನ್ನು ಕಬ್ಬಿಣದ ರೋಲರ್‌ಗಳ ಮೇಲೆ ಕೂರಿಸಿದ್ದು ಇದಕ್ಕೇ. ಟವರ್ ಬಾಗಿದರೆ ಅದರ ಒಂದು ಬದಿಗೆ ಎಳೆತ ಬರುತ್ತದೆ; ಕಲ್ಲುಕಟ್ಟಡ ಒತ್ತಡ ತಾಳುತ್ತದೆ, ಎಳೆತ ತಾಳದು. ನಮ್ಮ ತುಂಗಭದ್ರಾ ಅಣೆಕಟ್ಟಿನ ಲೆಕ್ಕದಲ್ಲೂ ‘ಎಳೆತ ಬರಕೂಡದು’ ಎಂಬ ಷರತ್ತು ಇದೇ ಕಾರಣಕ್ಕೆ.

ರೋಲರ್ ಪ್ರಶ್ನೆಯಲ್ಲಿ ಕೇಬಲ್ ದಪ್ಪಕ್ಕೆ 8,523 ಹಿಡಿಯಿರಿ, 7,771 ಅಲ್ಲ. ತುಕ್ಕು ಹಿಡಿದು ರೋಲರ್ ಸಿಕ್ಕಿಬಿದ್ದರೆ ಅಡ್ಡ ಎಳೆತದ ವ್ಯತ್ಯಾಸ ಮತ್ತೆ ಟವರಿನ ಮೇಲೆ ಬೀಳುತ್ತದೆ.