ಮರ ಹತ್ತಿ ಕೊಯ್ಯುವ ಚಹಾ

ಚಹಾ ಹುಟ್ಟಿನಿಂದ ಮರದ ಜಾತಿ. ಮುನ್ನಾರ್‌ನಲ್ಲೋ ನೀಲಗಿರಿಯಲ್ಲೋ ಅದು ಸೊಂಟದೆತ್ತರಕ್ಕೆ ನಿಂತಿರುವುದು ಕೊಯ್ಲಿನ ಅನುಕೂಲಕ್ಕೆಂದು ಮತ್ತೆ ಮತ್ತೆ ಸವರುವುದರಿಂದ. ಸವರದೆ ಬಿಟ್ಟ ಚಹಾ ಹೇಗೆ ಬೆಳೆಯುತ್ತದೆಂದು ನೋಡಬೇಕಾದರೆ ಉತ್ತರ ವಿಯೆಟ್ನಾಮಿನ ಸುವೊಯ್ ಝಾಂಗ್ ಒಳ್ಳೆಯ ಜಾಗ. ಹನೋಯ್‌ನಿಂದ ಸುಮಾರು 200 ಕಿ.ಮೀ. ದೂರ, 32ನೇ ರಾಷ್ಟ್ರೀಯ ಹೆದ್ದಾರಿ ಬಿಟ್ಟ ಮೇಲೆ ಹತ್ತು-ಹನ್ನೆರಡು ಕಿ.ಮೀ. ಏರುದಾರಿ. ಊರಿರುವುದು ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದಲ್ಲಿ. ಯೆನ್ ಬಾಯ್ ಪ್ರಾಂತ್ಯದಲ್ಲಿದ್ದ ಈ ಊರು 2025ರ ಜುಲೈ ವಿಲೀನದ ನಂತರ ಲಾವ್ ಕಾಯ್‌ಗೆ ಸೇರಿದೆ. ನಕ್ಷೆಯಲ್ಲಿ ಹುಡುಕುವವರು ಎರಡೂ ಹೆಸರು ನೆನಪಿಟ್ಟುಕೊಳ್ಳಬೇಕು. ಇಲ್ಲಿ ನೆಲೆಸಿರುವವರಲ್ಲಿ ಹೆಚ್ಚಿನವರು ಹ್ಮಾಂಗ್ ಜನ. 2019ರ ಜನಗಣತಿಯಂತೆ ವಿಯೆಟ್ನಾಮಿನಲ್ಲಿ ಅವರ ಸಂಖ್ಯೆ ಸುಮಾರು 13.9 ಲಕ್ಷ.

ಇಲ್ಲಿಯ ಚಹಾಕ್ಕೆ ಶಾನ್ ಎನ್ನುತ್ತಾರೆ. ನಮ್ಮ ಅಸ್ಸಾಮಿನ ದೊಡ್ಡೆಲೆ ಚಹಾದ ಬಳಗದ್ದೇ. ಹಳೆಯ ಮರಗಳ ಬುಡ ದಪ್ಪ, ತೊಗಟೆಯ ತುಂಬ ಬಿಳಿ ಕಲ್ಲುಹೂವು. 2016ರಲ್ಲಿ ಇಲ್ಲಿನ 400 ಮರಗಳಿಗೆ ವಿಯೆಟ್ನಾಮಿನ ಪಾರಂಪರಿಕ ವೃಕ್ಷಗಳೆಂಬ ಮನ್ನಣೆ ಸಿಕ್ಕಿತು. ಕೊಯ್ಯುವವರು ಕೊಂಬೆಗಳ ಮೇಲೆ ಹತ್ತಿ ನಿಂತು ಒಂದು ಕುಡಿ, ಎರಡು ಎಲೆಯನ್ನು ಚಿವುಟಿ ಬುಟ್ಟಿಗೆ ಹಾಕುತ್ತಾರೆ. ಕುಡಿಯ ಮೈಮೇಲೆ ಬೆಳ್ಳಿಬಣ್ಣದ ನವಿರು ರೋಮ ಇರುತ್ತದೆ. ವರ್ಷಕ್ಕೆ ಮುಖ್ಯ ಕೊಯ್ಲು ಮೂರು: ವಸಂತದಲ್ಲಿ, ಬೇಸಿಗೆಯಲ್ಲಿ, ಶರತ್ಕಾಲದಲ್ಲಿ. ರುಚಿಗೆ ವಸಂತದ್ದೇ ಮೇಲು. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಹೋದರೆ ಅದು ಸಿಗುತ್ತದೆ.

ಕಾರಣ ಎಲೆಯೊಳಗಿದೆ. ಚಹಾದ ಬೇರು ಥಿಯನೈನ್ ಎಂಬ ಅಮೈನೋ ಆಮ್ಲ ತಯಾರಿಸಿ ಚಿಗುರಿಗೆ ಕಳಿಸುತ್ತದೆ. ಚಹಾದ ಸವಿ ಬಹುಪಾಲು ಅದರದು. ಬಿಸಿಲು ಹೆಚ್ಚಾದಷ್ಟೂ ಥಿಯನೈನ್ ಒಡೆದು ಒಗರಿನ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ಮಂಜು ಬಿಸಿಲನ್ನು ಸೋಸುತ್ತದೆ, ಚಳಿ ಚಿಗುರಿನ ಬೆಳವಣಿಗೆಯನ್ನು ನಿಧಾನಿಸುತ್ತದೆ, ಹಾಗಾಗಿ ಸವಿ ಉಳಿಯುತ್ತದೆ. ಫೋಟೋ ತೆಗೆಯಲು ಬಂದವರು ಶಪಿಸುವ ಮಂಜಿಗೆ ಇಂಥ ಉಪಕಾರವೂ ಇದೆ.

ಹಗಲು ಮರ ನೋಡಿ ಸಂಜೆಗೆ ಬೆಟ್ಟ ಇಳಿದುಬಿಟ್ಟರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಕೊಯ್ದ ಎಲೆಯನ್ನು ಹುರಿಯುವ ಕೆಲಸ ಸಂಜೆಯ ನಂತರವೂ ನಡೆಯುವುದುಂಟು. ಪಾಂಗ್ ಕಾಂಗ್ ಹಳ್ಳಿಯ ಮನೆಗಳಲ್ಲಿ ಉಳಿದುಕೊಳ್ಳಬಹುದು. ಒಲೆಯ ಪಕ್ಕ ಕೂತು ನೋಡಬಹುದೇ ಎಂದು ಮೊದಲೇ ಕೇಳಿಕೊಳ್ಳಿ.

ಹಸಿ ಎಲೆಯನ್ನು ಮೊದಲು ಬಿದಿರಿನ ತಟ್ಟೆಗಳಲ್ಲಿ ಕೆಲವು ಗಂಟೆ ತೆಳುವಾಗಿ ಹರಡುತ್ತಾರೆ. ಚೀಲದಲ್ಲಿ ಒತ್ತಿಟ್ಟರೆ ಎಲೆ ತನ್ನ ಉಸಿರಾಟದ ಬಿಸಿಗೇ ಬೆಂದು ಕೆಂಪಾಗುತ್ತದೆ. ಆಮೇಲೆ ಸೌದೆ ಒಲೆಯ ಮೇಲೆ ದೊಡ್ಡ ಕಬ್ಬಿಣದ ಬಾಣಲೆ. ಎಲೆ ಹಾಕುವ ಹೊತ್ತಿಗೆ ಅದು ಚೆನ್ನಾಗಿ ಕಾದಿರಬೇಕು, ಏಕೆಂದರೆ ಎಲೆಯನ್ನು ಕಪ್ಪಾಗಿಸುವ ಕಿಣ್ವ ಸುಮ್ಮನಾಗಬೇಕಾದರೆ ಎಲೆಯ ಶಾಖ ಬೇಗನೆ 80 ಡಿಗ್ರಿ ದಾಟಬೇಕು. ಬಾಣಲೆ ಕಾದಿದ್ದು ಸಾಲದಿದ್ದರೆ ಎಲೆ 40–50 ಡಿಗ್ರಿಯಲ್ಲೇ ತಡವರಿಸುತ್ತದೆ. ಆ ಬೆಚ್ಚಗಿನಲ್ಲಿ ಕಿಣ್ವದ ಕೆಲಸ ಇನ್ನೂ ಚುರುಕಾಗಿ ದಂಟು ಕೆಂಪಾಗುತ್ತದೆ. ಬೆಂಕಿ ಅತಿಯಾದರೆ ಅಂಚು ಸೀದು, ದಪ್ಪ ದಂಟಿನ ಒಳಗು ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಕೈ ನಿಲ್ಲಿಸದೆ ಎಲೆಯನ್ನು ಎತ್ತಿ ಉದುರಿಸುತ್ತಿರುತ್ತಾರೆ: ಆವಿ ಹೊರಹೋಗಬೇಕು, ಶಾಖ ಒಳಗಿಳಿಯಬೇಕು. ಹಸಿ ವಾಸನೆ ಹೋಗಿ, ದಂಟು ಬಗ್ಗಿಸಿದರೆ ಮುರಿಯದೆ ಬಾಗಿದಾಗ ಕೆಳಗಿಳಿಸುತ್ತಾರೆ.

ನಂತರ ಅಂಗೈಯಲ್ಲಿ ಉಜ್ಜಿ ಸುರುಳಿ ಮಾಡುವುದು. ಎಲೆಯ ಕೋಶಗಳು ಒಡೆದು ರಸ ಮೇಲ್ಮೈಗೆ ಬರುತ್ತದೆ. ಕುದಿನೀರಿಗೆ ಸುಲಭವಾಗಿ ಬಿಡುವುದು ಆ ರಸವೇ. ಜೋರಾಗಿ ಒತ್ತಿದರೆ ಎಲೆ ಹರಿದು, ರೋಮ ಉದುರಿ, ಕಷಾಯ ಕದಡುತ್ತದೆ. ಕೊನೆಗೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಒಣಗಿಸುತ್ತಾರೆ. ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ. ಸುಮಾರು ಐದು ಕಿಲೋ ಹಸಿ ಕುಡಿಯಿಂದ ಒಂದು ಕಿಲೋ ಒಣ ಚಹಾ. ಹಸಿ ಸೌದೆ ಇಟ್ಟರೆ ಅಷ್ಟೂ ಶ್ರಮ ಹೊಗೆಯ ಪಾಲು, ಚಹಾ ಸುತ್ತಲಿನ ಯಾವ ವಾಸನೆಯನ್ನೂ ಬಿಡದೆ ಹೀರುತ್ತದೆ.

ಹ್ಮಾಂಗ್ ಮನೆ ನೆಲಕ್ಕೆ ಹೊಂದಿಕೊಂಡಿರುವ ಮರದ ಮನೆ. ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದ್ದರೆ ಒಳಗೆ ಪೂಜೆಯ ಕಟ್ಟುಪಾಡು ನಡೆಯುತ್ತಿದೆ ಎಂದರ್ಥ, ಹೊರಗಿನವರು ಒಳಹೋಗುವಂತಿಲ್ಲ. ನಡುಗಂಬಕ್ಕೆ ಒರಗುವುದು, ಚೀಲ ತೂಗುಹಾಕುವುದು ಬೇಡ. ಗೋಡೆಗೆ ಅಂಟಿಸಿದ ಕಾಗದ, ಕೋಳಿಗರಿಯನ್ನು ಅಲಂಕಾರವೆಂದುಕೊಂಡು ಮುಟ್ಟಬಾರದು, ಅದು ಮನೆದೇವರ ಪೀಠ. ಊಟಕ್ಕೆ ಮೆನ್ ಮೆನ್ ಬಂದರೆ ಬಿಡಬೇಡಿ. ಮೆಕ್ಕೆಜೋಳದ ಹಿಟ್ಟಿಗೆ ನೀರು ಚಿಮುಕಿಸಿ, ಹಬೆಯಲ್ಲಿ ಬೇಯಿಸಿ, ತೆಗೆದು ಪುಡಿ ಮಾಡಿ, ಮತ್ತೆ ನೀರು ಚಿಮುಕಿಸಿ ಎರಡನೇ ಸಲ ಬೇಯಿಸುತ್ತಾರೆ. ಪಿಷ್ಟ ಬೇಯಲು ನೀರು ಬೇಕೇ ಬೇಕು. ಆದರೆ ಅಷ್ಟನ್ನೂ ಒಮ್ಮೆಲೇ ಹಾಕಿದರೆ ಮುದ್ದೆಯಾಗುತ್ತದೆ. ಎರಡು ಕಂತಿನಲ್ಲಿ ಕೊಟ್ಟರೆ ಉದುರುದುರಾಗಿಯೇ ಬೇಯುತ್ತದೆ.

ಹ್ಮಾಂಗ್ ಹೆಂಗಸರ ನೀಲಿ ಬಟ್ಟೆಯ ಕೆಲಸ ನೋಡಲು ಇದೇ ಹೆದ್ದಾರಿಯಲ್ಲಿ ಮುಂದೆ ಮು ಕಾಂಗ್ ಚಾಯ್ ಕಡೆಗೆ ಹೋಗಬಹುದು. ಬಣ್ಣಕ್ಕೆ ಅವರು ಹೆಚ್ಚಾಗಿ ಬಳಸುವ ಗಿಡ ನಮ್ಮ ಮುಳ್ಳಯ್ಯನಗಿರಿಯ ಕುರಿಂಜಿಯ ಕುಲದ್ದೇ, ಸ್ಟ್ರೊಬಿಲಾಂಥಿಸ್. ಸೊಪ್ಪನ್ನು ಎರಡು-ಮೂರು ದಿನ ನೀರಲ್ಲಿ ಕೊಳೆಹಾಕಿ, ಸೋಸಿ, ಸುಣ್ಣ ಬೆರೆಸಿ ಚೆನ್ನಾಗಿ ಕಡೆಯುತ್ತಾರೆ. ಗಾಳಿ ಬೆರೆತಾಗ ನೀಲಿ ಕೆಳಗೆ ಕೂರುತ್ತದೆ. ಆದರೆ ಆ ನೀಲಿ ನೀರಿನಲ್ಲಿ ಕರಗದು, ನೂಲಿಗೂ ಹತ್ತದು. ಬೂದಿನೀರಿನ ಮಡಕೆಯಲ್ಲಿ ಅದನ್ನು ಮತ್ತೆ ಹುದುಗಿಸಿ, ಸೂಕ್ಷ್ಮಜೀವಿಗಳಿಂದ ಆಮ್ಲಜನಕ ಕಳೆಸಿ ಕರಗಿಸಬೇಕು. ಅದ್ದಿ ಎತ್ತಿದ ಬಟ್ಟೆ ಹಸಿರು-ಹಳದಿಯಾಗಿದ್ದು, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಯಾಗುತ್ತದೆ. ಕಡುನೀಲಿ ಬೇಕಿದ್ದರೆ ದಿನಗಟ್ಟಲೆ ಅದ್ದಿ ಒಣಗಿಸಬೇಕು. ಚಿತ್ತಾರ ಬರೆಯುವುದು ಜೇನುಮೇಣದಿಂದ. ಮೇಣ ಕರಗುವುದು 62–64 ಡಿಗ್ರಿಯಲ್ಲಿ. ನೀಲಿಯ ಮಡಕೆ ಅದಕ್ಕಿಂತ ಬಹಳ ತಣ್ಣಗಿರುವುದರಿಂದಲೇ ಈ ಎರಡರ ಜೋಡಿ ನಡೆಯುತ್ತದೆ. ಕೊನೆಗೆ ಬಿಸಿನೀರಲ್ಲಿ ಕುದಿಸಿ ಮೇಣ ತೆಗೆದರೆ ಬಿಳಿ ಗೆರೆಗಳು ಮೂಡುತ್ತವೆ.

ಅವರ ವಾದ್ಯ ಖೆನ್‌ಗೆ ಮರದ ಗಾಳಿಗೂಡು, ಆರು ಬಿದಿರ ಕೊಳವೆ, ಲೋಹದ ನಾಲಿಗೆಗಳು. ಹಾರ್ಮೋನಿಯಂನಲ್ಲಿರುವುದೂ ಇಂಥದೇ ನಾಲಿಗೆ, ಆದರೆ ಖೆನ್ ಉಸಿರು ಎಳೆದಾಗಲೂ ಬಿಟ್ಟಾಗಲೂ ನುಡಿಯುತ್ತದೆ; ಹೀಗಾಗಿ ನಾದ ಕಡಿಯುವುದಿಲ್ಲ. ತೂತನ್ನು ಬೆರಳಿಂದ ಮುಚ್ಚಿದಾಗಲೇ ಆ ಕೊಳವೆಗೆ ದನಿ. ಹ್ಮಾಂಗ್ ನುಡಿಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ. ಆ ಏರಿಳಿತವನ್ನು ಖೆನ್ ಹಿಡಿಯಬಲ್ಲದು. ಸಾವಿನ ಮನೆಯಲ್ಲಿ ಆತ್ಮಕ್ಕೆ ದಾರಿ ಹೇಳುವುದು ಈ ವಾದ್ಯವೇ. ಆದ್ದರಿಂದ ಮನೆಯೊಳಗೆ "ಒಮ್ಮೆ ನುಡಿಸಿ" ಎಂದು ಒತ್ತಾಯಿಸಬೇಡಿ. ಹಬ್ಬದ ಬಯಲಲ್ಲಿ ಹುಡುಗರು ಕುಣಿಯುತ್ತ ನುಡಿಸುವುದನ್ನು ಎಷ್ಟು ಹೊತ್ತಾದರೂ ನಿಂತು ಕೇಳಬಹುದು.

ಚಹಾ ಕೊಳ್ಳುವಾಗ ಒಂದು ದಂಟು ಮುರಿದು ನೋಡಿ. ಚಟ್ಟನೆ ಮುರಿಯಬೇಕು, ಬಾಗಿದರೆ ತೇವ ಉಳಿದಿದೆ, ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದು ಖಂಡಿತ. ಮನೆಯಲ್ಲಿ 5 ಗ್ರಾಂ ಎಲೆಗೆ 150 ಮಿ.ಲೀ. ನೀರು ಸಾಕು. ಸುವೊಯ್ ಝಾಂಗ್‌ನ ಎತ್ತರದಲ್ಲಿ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ, ಬೆಂಗಳೂರಿನಲ್ಲಿ 97ಕ್ಕೆ, ಮಂಗಳೂರಿನಲ್ಲಿ 100ಕ್ಕೆ. ಕರಾವಳಿಯವರು ಕುದಿಸಿದ ನೀರನ್ನು ಇನ್ನಷ್ಟು ಹೊತ್ತು ಆರಿಸಬೇಕು. 85ಕ್ಕೆ ಇಳಿದ ಮೇಲೆ ಸುರಿದು, ಮೊದಲ ಸಲ ಅರ್ಧ ನಿಮಿಷದೊಳಗೆ ಬಸಿಯಿರಿ. ಹಾಲು ಹಾಕಬೇಡಿ, ಹಾಲಿನ ಪ್ರೋಟೀನು ಕ್ಯಾಟೆಚಿನ್‌ಗಳಿಗೆ ಅಂಟಿಕೊಂಡು ಒಗರಿನ ಜೊತೆ ಸೊಗಸನ್ನೂ ಮಂಕಾಗಿಸುತ್ತದೆ. ಅದೇ ಎಲೆಗೆ ಐದಾರು ಸಲ ನೀರು ಹಾಕಬಹುದು. ಪ್ರತಿ ಸಲವೂ ಹತ್ತು-ಹದಿನೈದು ಸೆಕೆಂಡು ಹೆಚ್ಚು ಬಿಡಿ.